ತೊಲೆ, ಗರ್ಡರ್, ಬೀಮ್: ಶಿಯರ್ ಸ್ಟ್ರೆಸ್ ಲೆಕ್ಕಕ್ಕೆ ಯಾವ ಸೂತ್ರ ಹಿಡಿಯಬೇಕು?

ನಮ್ಮ ದೊಡ್ಡಪ್ಪನ ಮನೆ ಶನಿವಾರಸಂತೆ ಕಡೆ. ಹಂಚಿನ ಮನೆ, ಒಳಗೆ ಮರದ ಅಟ್ಟ. ಕಾಫಿ ಕಣದಲ್ಲಿ ಒಣಗಿದ ಮೇಲೆ ಚೀಲಗಳೆಲ್ಲ ಆ ಅಟ್ಟಕ್ಕೇ ಹೋಗುತ್ತವೆ, ಕೆಳಗಿಟ್ಟರೆ ತೇವ ಹಿಡಿಯುತ್ತದೆ ಅಂತ. ಒಂದು ವರ್ಷ ಬೆಳೆ ಚೆನ್ನಾಗಿತ್ತು, ರೇಟು ಇನ್ನೂ ಸ್ವಲ್ಪ ಏರಲಿ ಎಂದು ಮಾರದೆ ಇಟ್ಟುಕೊಂಡಿದ್ದರು. ನಾನು ಊರಿಗೆ ಹೋದಾಗ ದೊಡ್ಡಪ್ಪ ಕೇಳಿದರು: "ಮಗಾ, ಇಂಜಿನಿಯರಿಂಗ್ ಓದಿದ್ದೀಯಲ್ಲ, ಒಂದು ತೊಲೆ ಮೇಲೆ ನಲವತ್ತು ಚೀಲ ಬಂದರೆ ತಡೆಯುತ್ತಾ ನೋಡಿ ಹೇಳು."

ಅಳತೆ ತೆಗೆದೆ. ಗೋಡೆಯಿಂದ ಗೋಡೆಗೆ 8 ಅಡಿ, ಅಂದರೆ ಸುಮಾರು 2.4 ಮೀಟರ್. ತೊಲೆ 100 ಮಿ.ಮೀ. ಅಗಲ, 200 ಮಿ.ಮೀ. ಎತ್ತರ. ಚೀಲಕ್ಕೆ 50 ಕೆ.ಜಿ. ಅಂದರೆ 40 ಚೀಲಕ್ಕೆ 2000 ಕೆ.ಜಿ., ಹೆಚ್ಚುಕಡಿಮೆ 20 ಕಿಲೋನ್ಯೂಟನ್. ಹಲಗೆ, ತೊಲೆಯ ಸ್ವಂತ ತೂಕ ಸೇರಿಸಿ 22 ಎಂದು ಹಿಡಿದೆ. ಭಾರ ಸಮನಾಗಿ ಹರಡಿದ್ದರಿಂದ ಒಂದೊಂದು ತುದಿಗೆ 11 ಕಿಲೋನ್ಯೂಟನ್ ಶಿಯರ್, ಅಂದರೆ ತೊಲೆಯನ್ನು ಕತ್ತರಿಸಲು ನೋಡುವ ಬಲ. ಬೆಂಡಿಂಗ್ ಸ್ಟ್ರೆಸ್, ಅಂದರೆ ಬಗ್ಗುವುದರಿಂದ ಬರುವ ಸ್ಟ್ರೆಸ್, 9.9 ಎಂಪಿಎ (ಚದರ ಮಿ.ಮೀ.ಗೆ ಅಷ್ಟು ನ್ಯೂಟನ್) ಬಂತು. ಮರದ ಕೋಡ್ ಹೇಳುವ ಬಿ ಗುಂಪಿನ ಮರಕ್ಕೆ ಮನೆಯೊಳಗೆ 12ರವರೆಗೆ ಬಿಡುತ್ತಾರೆ, ಹಾಗಾಗಿ ಅದು ಸರಿ. ಶಿಯರ್‌ಗೆ 11,000 ನ್ಯೂಟನ್ನನ್ನು 20,000 ಚದರ ಮಿ.ಮೀ.ನಿಂದ ಭಾಗಿಸಿದೆ, 0.55 ಎಂಪಿಎ. ಮಿತಿ 0.64. "ತಡೆಯುತ್ತೆ ದೊಡ್ಡಪ್ಪ, ಇಡಿ" ಎಂದೆ.

ಮೂರು ವಾರಕ್ಕೆ ತೊಲೆ ಸೀಳಿತು. ನಡುವಿನಲ್ಲಿ ಮುರಿಯಲಿಲ್ಲ. ಗೋಡೆಯ ಪಕ್ಕದಲ್ಲಿ, ತೊಲೆಯ ಕೆಳಮೈಯಿಂದ ಎರಡು ಇಂಚು ಮೇಲೆ, ನಾರಿನ ಗುಂಟ ಮೊಳದುದ್ದ ಬಾಯಿ ಬಿಟ್ಟಿತ್ತು. ರಾತ್ರಿ ಸದ್ದು ಕೇಳಿ ಎಲ್ಲರೂ ಎದ್ದು ಚೀಲ ಇಳಿಸಿದ್ದಾರೆ. ಯಾರಿಗೂ ಏನೂ ಆಗಲಿಲ್ಲ. ಆದರೆ ಆ ಅಟ್ಟದ ಕೆಳಗೇ ದೊಡ್ಡಮ್ಮ ಮಲಗುವುದು. ಆಮೇಲಿಂದ ಈ ಒಂದು ವಿಷಯವನ್ನು ನಾನು ಸುಮ್ನೆ ಬಿಟ್ಟಿಲ್ಲ.

ಶಿಯರ್ ಸ್ಟ್ರೆಸ್‌ಗೆ ಸೂತ್ರ ಒಂದಲ್ಲ, ನಾಲ್ಕೈದು ಇವೆ. ಒಂದೇ ಬೀಮಿಗೆ ಒಂದೊಂದು ಸೂತ್ರ ಒಂದೊಂದು ಉತ್ತರ ಕೊಡುತ್ತದೆ. ಯಾವುದು ಸರಿ ಎಂದು ಕೇಳಿದರೆ ನನ್ನ ಉತ್ತರ ಇಷ್ಟೇ: ಪ್ರತಿ ಸೂತ್ರಕ್ಕೂ ಒಂದು ಮಿತಿ ಜೋಡಿಯಾಗಿದೆ. ಆ ಮಿತಿಯನ್ನು ಯಾವ ಲೆಕ್ಕ ಇಟ್ಟುಕೊಂಡು ತಯಾರು ಮಾಡಿದ್ದಾರೋ ಅದೇ ಲೆಕ್ಕದಿಂದ ಬಂದ ಸ್ಟ್ರೆಸ್ಸನ್ನು ಮಾತ್ರ ಅದರ ಪಕ್ಕ ಇಡಬೇಕು. ನಾನು ಒಂದು ಜೋಡಿಯ ಸೂತ್ರ ತಂದು ಇನ್ನೊಂದು ಜೋಡಿಯ ಮಿತಿಗೆ ಹೋಲಿಸಿದ್ದೆ.

ಮೊದಲು, ಅಡ್ಡಕ್ಕೆ ಭಾರ ಬಿದ್ದರೆ ಉದ್ದಕ್ಕೆ ಯಾಕೆ ಸೀಳುತ್ತದೆ?

ಹಂಚು ಹೊದಿಸಲು ತಂದ ರೀಪರ್ ಕಟ್ಟು ನೋಡಿರುತ್ತೀರಿ. ಹಗ್ಗ ಬಿಚ್ಚಿ, ನಾಲ್ಕೈದು ರೀಪರ್ ಒಂದರ ಮೇಲೊಂದು ಇಟ್ಟು, ಎರಡು ಕಲ್ಲಿನ ಮೇಲೆ ಅಡ್ಡ ಹಾಕಿ ನಡುವೆ ನಿಂತುಕೊಳ್ಳಿ. ಕಟ್ಟು ಬಗ್ಗುತ್ತದೆ, ತುದಿಗಳು ಮೆಟ್ಟಿಲಿನ ಹಾಗೆ ಒಂದಕ್ಕೊಂದು ಸರಿಯುತ್ತವೆ. ಆ ಸರಿಯುವಿಕೆಯನ್ನು ತಡೆದು ಹಿಡಿಯುವುದೇ ಶಿಯರ್ ಸ್ಟ್ರೆಸ್. ಇಡೀ ಮರದ ತೊಲೆಯಲ್ಲೂ ಹಾಗೇ ಸರಿಯಲು ನೋಡುತ್ತದೆ, ಆದರೆ ನಾರುಗಳು ಒಂದನ್ನೊಂದು ಹಿಡಿದುಕೊಂಡಿರುತ್ತವೆ. ಯಾವುದೇ ಬಿಂದುವಿನಲ್ಲಿ ನಿಂತ ದಿಕ್ಕಿನ ಶಿಯರ್ ಎಷ್ಟಿದೆಯೋ ಮಲಗಿದ ದಿಕ್ಕಿನದೂ ಅಷ್ಟೇ ಇರುತ್ತದೆ. ಮರಕ್ಕೆ ನಾರಿನ ಗುಂಟ ಶಕ್ತಿ ತೀರಾ ಕಡಿಮೆ, ಅದಕ್ಕೇ ಅಲ್ಲಿ ಸೋಲುತ್ತದೆ.

ಇದನ್ನು ಸರಿಯಾಗಿ ಲೆಕ್ಕಕ್ಕೆ ತಂದವರು ರಷ್ಯಾದ ಇಂಜಿನಿಯರ್ ದ್ಮಿತ್ರಿ ಜುರಾವ್ಸ್ಕಿ. 1851ರಲ್ಲಿ ಓಡಾಟ ಶುರುವಾದ ಸೇಂಟ್ ಪೀಟರ್ಸ್‌ಬರ್ಗ್-ಮಾಸ್ಕೋ ರೈಲು ದಾರಿಗೆ ಮರದ ಸೇತುವೆ ಕಟ್ಟುವ ಕೆಲಸದಲ್ಲಿದ್ದರು. ದಪ್ಪ ತೊಲೆಗಳು ಉದ್ದಕ್ಕೆ ಸೀಳುವ ತೊಂದರೆಯಿಂದಲೇ ಅವರ ಸೂತ್ರ ಹುಟ್ಟಿತು. ದೊಡ್ಡಪ್ಪನ ಅಟ್ಟದಲ್ಲಿ ನಾನು ಕಂಡದ್ದೂ ಅದನ್ನೇ.

ಸರಾಸರಿ ಲೆಕ್ಕ: ಭಾರ ಭಾಗಿಸು ವಿಸ್ತೀರ್ಣ

ಶಿಯರ್ ಬಲವನ್ನು ಇಡೀ ಅಡ್ಡ ಕೊಯ್ತದ ವಿಸ್ತೀರ್ಣದಿಂದ ಭಾಗಿಸುವುದು. ಒಂದೇ ಸಾಲು, ತಲೆನೋವಿಲ್ಲ. ಬೋಲ್ಟು, ರಿವೆಟ್, ಪಿನ್ ಇಂಥದ್ದಕ್ಕೆ ಇದೇ ಸರಿ, ಅವುಗಳ ಮಿತಿಯನ್ನೂ ಸರಾಸರಿ ಲೆಕ್ಕದಲ್ಲೇ ಕೊಟ್ಟಿರುತ್ತಾರೆ. ಆದರೆ ಬೀಮಿಗೆ ಇದೊಂದನ್ನೇ ನಂಬಬೇಡಿ. ಬೀಮಿನಲ್ಲಿ ಶಿಯರ್ ಎಲ್ಲ ಕಡೆ ಸಮ ಇರುವುದಿಲ್ಲ. ಮೇಲಿನ ಅಂಚಿನಲ್ಲಿ ಸೊನ್ನೆ, ಕೆಳಗಿನ ಅಂಚಿನಲ್ಲೂ ಸೊನ್ನೆ, ನಡುವೆ ಜಾಸ್ತಿ. ಸರಾಸರಿ ಹಿಡಿದರೆ ಆ ನಡುವಿನ ಜಾಸ್ತಿ ಕಣ್ಣಿಗೆ ಬೀಳುವುದೇ ಇಲ್ಲ.

ಪೂರ್ತಿ ಸೂತ್ರ: ವಿ × ಕ್ಯೂ ÷ (ಐ × ಬಿ)

ಜುರಾವ್ಸ್ಕಿ ಸೂತ್ರ ಇದು. ವಿ ಅಂದರೆ ಆ ಜಾಗದ ಶಿಯರ್ ಬಲ. ಐ ಇಡೀ ಕೊಯ್ತದ ಮೊಮೆಂಟ್ ಆಫ್ ಇನರ್ಶಿಯಾ, ಅಂದರೆ ಆ ಆಕಾರ ಬಗ್ಗುವುದನ್ನು ಎಷ್ಟು ತಡೆಯುತ್ತದೆ ಎನ್ನುವ ಅಂಕಿ. ಬಿ ನೀವು ಸ್ಟ್ರೆಸ್ ಹುಡುಕುವ ಮಟ್ಟದಲ್ಲಿ ಇರುವ ಅಗಲ. ಕ್ಯೂ ವಿಷಯದಲ್ಲೇ ಓದುವ ಹುಡುಗರು ಎಡವುವುದು. ಪೊನ್ನಂಪೇಟೆಯಲ್ಲಿ, ಕುಶಾಲನಗರದಲ್ಲಿ ಓದುವ ನಮ್ಮ ಕಡೆಯ ಮಕ್ಕಳು ಕೇಳುವ ಮೊದಲ ಪ್ರಶ್ನೆಯೂ ಅದೇ. ಸ್ಟ್ರೆಸ್ ಬೇಕಾದ ಮಟ್ಟದಲ್ಲಿ ಒಂದು ಗೆರೆ ಎಳೆಯಿರಿ. ಆ ಗೆರೆಯಿಂದ ಆಚೆ, ಅಂಚಿನ ಕಡೆಗೆ ಉಳಿದ ತುಂಡನ್ನು ಮಾತ್ರ ತೆಗೆದುಕೊಳ್ಳಿ. ಅದರ ವಿಸ್ತೀರ್ಣವನ್ನು, ಅದರ ಕೇಂದ್ರದಿಂದ (ಬಗ್ಗುವಾಗ ಎಳೆತವೂ ಒತ್ತುವಿಕೆಯೂ ಇಲ್ಲದ ಗೆರೆಯಾದ) ನ್ಯೂಟ್ರಲ್ ಆಕ್ಸಿಸ್‌ವರೆಗಿನ ದೂರದಿಂದ ಗುಣಿಸಿ. ಅದೇ ಕ್ಯೂ. ದೂರವನ್ನು ಎಳೆದ ಗೆರೆಯಿಂದ ಅಳೆಯುವುದಲ್ಲ, ನ್ಯೂಟ್ರಲ್ ಆಕ್ಸಿಸ್‌ನಿಂದ. ಈ ತಪ್ಪು ನಾನು ನೂರು ಸಲ ನೋಡಿದ್ದೇನೆ.

ಪ್ರತಿ ಸಲ ಇಷ್ಟು ಮಾಡಬೇಕಾ? ಬೇಡ. ಸಾಮಾನ್ಯ ಆಕಾರಗಳಿಗೆ ಸೂತ್ರ ತಾನಾಗಿ ಚಿಕ್ಕದಾಗುತ್ತದೆ. ಆಯತಕ್ಕೆ ನಡುವಿನ ಸ್ಟ್ರೆಸ್ ಸರಾಸರಿಯ ಒಂದೂವರೆ ಪಟ್ಟು. ಗುಂಡು ಕಂಬಕ್ಕೆ, ಉದಾಹರಣೆಗೆ ಶೆಡ್ಡಿಗೆ ಅಡ್ಡ ಹಾಕಿದ ಸಿಲ್ವರ್ ಓಕ್ ಮರಕ್ಕೆ, ನಾಲ್ಕರ ಮೂರನೇ ಭಾಗ, ಅಂದರೆ 1.33 ಪಟ್ಟು. ತೆಳು ಗೋಡೆಯ ಗುಂಡು ಪೈಪಿಗೆ ಎರಡು ಪಟ್ಟು, ಆದರೆ ಅಲ್ಲಿ ವಿಸ್ತೀರ್ಣ ಅಂದರೆ ಲೋಹದ್ದು ಮಾತ್ರ, ಒಳಗಿನ ಟೊಳ್ಳು ಲೆಕ್ಕಕ್ಕಿಲ್ಲ.

ಒಂದು ಎಚ್ಚರ ಹೇಳಲೇಬೇಕು. ಈ ಸೂತ್ರ ಅಗಲದ ಉದ್ದಕ್ಕೂ ಸ್ಟ್ರೆಸ್ ಸಮ ಇದೆ ಎಂದು ನಂಬುತ್ತದೆ. ತೊಲೆ ಕಿರಿದಾಗಿ ಎತ್ತರವಾಗಿದ್ದರೆ ಅದು ನಿಜಕ್ಕೆ ತುಂಬಾ ಹತ್ತಿರ. ಚೌಕಾಕಾರಕ್ಕೆ ಬಂದರೆ ನಿಜವಾದ ಗರಿಷ್ಠ ಸ್ಟ್ರೆಸ್ ಸೂತ್ರ ಹೇಳಿದ್ದಕ್ಕಿಂತ ಸುಮಾರು 13 ಶೇಕಡಾ ಜಾಸ್ತಿ. ಅಗಲ ಎತ್ತರದ ಎರಡರಷ್ಟಾದರೆ ಸುಮಾರು 40 ಶೇಕಡಾ ಜಾಸ್ತಿ. ಅಗಲ ಹಲಗೆಯನ್ನು ಮಲಗಿಸಿ ಬೀಮಿನ ಹಾಗೆ ಬಳಸುವಾಗ ಇದು ನೆನಪಿರಲಿ.

ಮರದ ತೊಲೆಗೆ: ಒಂದೂವರೆ ಪಟ್ಟು, ಮತ್ತು ತುದಿಯನ್ನು ಕಣ್ಣಾರೆ ನೋಡಿ

ಮರಕ್ಕೆ ನನ್ನ ಆಯ್ಕೆ ಸ್ಪಷ್ಟ. ಪೂರ್ತಿ ಸೂತ್ರ, ಆಯತವಾದರೆ ಒಂದೂವರೆ ಪಟ್ಟು. ನಮ್ಮ ದೇಶದ ಮರದ ಕೋಡ್ ಐಎಸ್ 883 ಕೂಡ ಇದೇ ದಾರಿ ಹಿಡಿಯುತ್ತದೆ. ಅದರಲ್ಲಿ ಮರಗಳನ್ನು ಎ, ಬಿ, ಸಿ ಎಂದು ಗುಂಪು ಮಾಡಿದ್ದಾರೆ. ಬೀಮಿನ ಮಲಗಿದ ಶಿಯರ್‌ಗೆ ಅನುಮತಿ ಎ ಗುಂಪಿಗೆ 1.05, ಬಿ ಗುಂಪಿಗೆ 0.64, ಸಿ ಗುಂಪಿಗೆ 0.49 ಎಂಪಿಎ. ಬೆಂಡಿಂಗ್‌ಗೆ ಮನೆಯೊಳಗೆ ಒಂದು ಮಿತಿ, ಒದ್ದೆಯಾಗುವ ಜಾಗಕ್ಕೆ ಕಡಿಮೆ ಮಿತಿ ಎಂದು ಬೇರೆಬೇರೆ ಇದೆ. ಮಲಗಿದ ಶಿಯರ್‌ಗೆ ಮಾತ್ರ ಎಲ್ಲ ಜಾಗಕ್ಕೂ ಒಂದೇ ಅಂಕಿ. ನಮ್ಮ ಕಡೆ ಜೂನ್‌ನಿಂದ ಗೋಡೆಯೇ ಬೆವರುವಷ್ಟು ತೇವ ಇರುತ್ತದಲ್ಲ, ಅದಕ್ಕೆ ಹೇಳಿದೆ.

ಈಗ ದೊಡ್ಡಪ್ಪನ ತೊಲೆಗೆ ಬನ್ನಿ. ಸರಾಸರಿ 0.55. ಒಂದೂವರೆ ಪಟ್ಟು ಮಾಡಿದರೆ 0.825. ಮಿತಿ 0.64. ಎ ಗುಂಪಿನ ಮರವಾಗಿದ್ದರೆ ಪಾಸ್, ಬಿ ಗುಂಪಿಗೆ ಫೇಲ್. ಆಧಾರದಿಂದ ತೊಲೆಯ ಎತ್ತರದಷ್ಟು ದೂರದೊಳಗೆ ಬೀಳುವ ಭಾರವನ್ನು ಶಿಯರ್ ಲೆಕ್ಕದಲ್ಲಿ ಬಿಡಬಹುದು ಎಂಬ ರಿಯಾಯಿತಿ ಇದೆ. ಅದನ್ನು ಕೊಟ್ಟರೂ ಶಿಯರ್ 9.17 ಕಿಲೋನ್ಯೂಟನ್‌ಗೆ ಇಳಿದು ಸ್ಟ್ರೆಸ್ 0.69 ಬರುತ್ತದೆ. ಆಗಲೂ ಫೇಲ್. ಬೆಂಡಿಂಗ್ ಪಾಸಾಗಿ ಶಿಯರ್ ಫೇಲಾಗುವುದು ಯಾಕೆ ಎಂದು ಕೇಳಬಹುದು. ದೂರ ಕಡಿಮೆ, ಭಾರ ಜಾಸ್ತಿ, ಅದಕ್ಕೆ. ಅದೇ 22 ಕಿಲೋನ್ಯೂಟನ್ನನ್ನು 16 ಅಡಿ ತೊಲೆ ಮೇಲೆ ಹರಡಿದರೆ ಬೆಂಡಿಂಗ್ ಎರಡರಷ್ಟಾಗುತ್ತದೆ, ಶಿಯರ್ ಮಾತ್ರ ಅಷ್ಟೇ ಇರುತ್ತದೆ. ಹಾಗಾಗಿ ಉದ್ದ ತೊಲೆಯಲ್ಲಿ ಬೆಂಡಿಂಗ್ ಮೊದಲು ಸೋಲುತ್ತದೆ, ಮೊಂಡು ತೊಲೆಯಲ್ಲಿ ಶಿಯರ್.

ಆದರೂ ಒಂದು ವಿಷಯ ಪ್ರಾಮಾಣಿಕವಾಗಿ ಹೇಳಬೇಕು. ಕೋಡ್ ಮಿತಿಯೊಳಗೆ ಸಾಕಷ್ಟು ಸುರಕ್ಷತೆ ಇಟ್ಟಿರುತ್ತಾರೆ. 0.64ರ ಜಾಗದಲ್ಲಿ 0.825 ಬಂತು ಎಂದ ಮಾತ್ರಕ್ಕೆ ತೊಲೆ ಮೂರು ವಾರದಲ್ಲಿ ಸೀಳುವುದಿಲ್ಲ. ಚೀಲ ಇಳಿಸಿದ ಮೇಲೆ ಗೋಡೆಯ ಗಾರೆ ಕೆತ್ತಿ ನೋಡಿದಾಗ ನಿಜವಾದ ಕಾರಣ ಸಿಕ್ಕಿತು. ತೊಲೆಯ ತುದಿಯನ್ನು ಗೋಡೆ ಮೇಲೆ ಮಟ್ಟವಾಗಿ ಕೂರಿಸಲು ಹಿಂದೆ ಯಾರೋ ಕೆಳಗಡೆ ಎರಡು ಇಂಚು ಕಚ್ಚು ಹಾಕಿದ್ದರು. 200 ಮಿ.ಮೀ. ಎತ್ತರದಲ್ಲಿ ಗೋಡೆ ಹತ್ತಿರ ಉಳಿದಿದ್ದು 150. ಸೀಳು ಸರಿಯಾಗಿ ಆ ಕಚ್ಚಿನ ಮೂಲೆಯಿಂದಲೇ ಹೊರಟಿತ್ತು.

ಕೆಳಗೆ ಕಚ್ಚು ಹಾಕಿದ ತೊಲೆಗೆ ಉಳಿದ ಎತ್ತರವನ್ನು ಇಟ್ಟು ಭಾಗಿಸಿದರೆ ಸಾಲದು. ಅದರ ಮೇಲೆ ಇನ್ನೊಮ್ಮೆ ಪೂರ್ತಿ ಎತ್ತರ ಭಾಗಿಸು ಉಳಿದ ಎತ್ತರ ಎಂದು ಗುಣಿಸಬೇಕು, ಏಕೆಂದರೆ ಆ ಮೂಲೆಯಲ್ಲಿ ಮರವನ್ನು ನಾರಿಗೆ ಅಡ್ಡವಾಗಿ ಹರಿಯುವ ಎಳೆತವೂ ಸೇರಿಕೊಳ್ಳುತ್ತದೆ. ಒಟ್ಟಿನಲ್ಲಿ 200 ಭಾಗಿಸು 150, ಅದರ ವರ್ಗ, 1.78 ಪಟ್ಟು. 0.825 ಹೋಗಿ 1.47 ಎಂಪಿಎ ಆಯಿತು. ಎ ಗುಂಪಿನ ಮರ ಕೂಡ ಇದನ್ನು ಒಪ್ಪುವುದಿಲ್ಲ. ಮೇಲಿಂದ ಹಳೇ ತೊಲೆಗಳ ತುದಿಯಲ್ಲಿ ಒಣಗಿ ಬಿಟ್ಟ ಸಣ್ಣ ಬಿರುಕುಗಳು ಹೇಗೂ ಇರುತ್ತವೆ.

ರಿಪೇರಿಗೆ ಬಂದ ಆಚಾರಿ ಒಂದು ಮಾತು ಹೇಳಿದರು: "ತೊಲೆ ನಡು ಬಗ್ಗಿದರೆ ಹೇಳಿ ಬಗ್ಗುತ್ತದೆ ಸಾರ್, ತುದಿ ಸೀಳಿದರೆ ಹೇಳದೆ ಸೀಳುತ್ತದೆ." ಇದಕ್ಕಿಂತ ಚೆನ್ನಾಗಿ ನನಗೆ ಹೇಳಲು ಬರುವುದಿಲ್ಲ. ಹಳೇ ಐನ್‌ಮನೆಗಳನ್ನೋ ಅಟ್ಟದ ಮನೆಗಳನ್ನೋ ಹೋಂಸ್ಟೇ ಮಾಡಲು ಹೊರಟವರು ಇದನ್ನು ದಯವಿಟ್ಟು ಗಮನಿಸಿ. ತೊಲೆಯ ನಡುವನ್ನು ಅಳೆದು ಬರಬೇಡಿ. ಗೋಡೆಯೊಳಗೆ ಹೋದ ತುದಿಯನ್ನು ತೆರೆದು ನೋಡಿ.

ಎರಡು ತುಂಡು ಸೇರಿಸಿ ಒಂದು ತೊಲೆ ಮಾಡುವಾಗಲೂ ಪೂರ್ತಿ ಸೂತ್ರವೇ ಬೇಕು, ಆದರೆ ಸ್ವಲ್ಪ ಬೇರೆ ರೂಪದಲ್ಲಿ. ದೊಡ್ಡ ಮರ ಸಿಗುವುದಿಲ್ಲ, ಸಿಕ್ಕರೂ ಕಡಿಯಲು, ಸಾಗಿಸಲು ಪರವಾನಗಿಗೆ ಓಡಾಡಬೇಕು, ಹಾಗಾಗಿ 100ಕ್ಕೆ 100ರ ಎರಡು ತುಂಡು ಒಂದರ ಮೇಲೊಂದು ಇಟ್ಟು ಬೋಲ್ಟ್ ಹಾಕೋಣ ಎಂದು ಕೇಳುವವರು ಇದ್ದಾರೆ. ಸುಮ್ನೆ ಇಟ್ಟರೆ ರೀಪರ್ ಕಟ್ಟಿನ ಹಾಗೆ ಸರಿಯುತ್ತದೆ. ಆಗ ಇಡೀ ತೊಲೆಯ ಹೋಲಿಕೆಯಲ್ಲಿ ಶಕ್ತಿ ಅರ್ಧ, ಬಿಗಿತ ಕಾಲು ಭಾಗ ಮಾತ್ರ. ಸರಿಯದ ಹಾಗೆ ಹಿಡಿಯಲು ಎಷ್ಟು ಬಲ ಬೇಕು? ಇಲ್ಲಿ ಬಿಯನ್ನು ಬಿಟ್ಟು ವಿ × ಕ್ಯೂ ÷ ಐ ಮಾತ್ರ ಮಾಡಿ. ಅದಕ್ಕೆ ಶಿಯರ್ ಫ್ಲೋ ಎನ್ನುತ್ತಾರೆ. ನಮ್ಮ 11 ಕಿಲೋನ್ಯೂಟನ್‌ಗೆ ಮಿಲಿಮೀಟರಿಗೆ 82.5 ನ್ಯೂಟನ್ ಬರುತ್ತದೆ. ಗೋಡೆ ಹತ್ತಿರ 100 ಮಿ.ಮೀ.ಗೆ ಒಂದು ಬೋಲ್ಟ್ ಹಾಕಿದರೆ ಒಂದೊಂದೂ 8.25 ಕಿಲೋನ್ಯೂಟನ್ ಹೊರಬೇಕು. ಮರದಲ್ಲಿ ಒಂದು ಬೋಲ್ಟಿಗೆ ಅದು ಚಿಕ್ಕ ಭಾರವಲ್ಲ. ನಡುವಿನಲ್ಲಿ ಶಿಯರ್ ಸೊನ್ನೆ ಹತ್ತಿರ, ಅಲ್ಲಿ ಬೋಲ್ಟ್ ದೂರ ದೂರ ಇದ್ದರೂ ನಡೆಯುತ್ತದೆ. ತುಂಬಾ ಜನ ಉಲ್ಟಾ ಮಾಡುತ್ತಾರೆ, ಭಾರ ನಡುವೆ ಕಾಣುತ್ತದೆ ಎಂದು ನಡುವಿಗೇ ಜಾಸ್ತಿ ಬೋಲ್ಟ್ ಬಿಗಿಯುತ್ತಾರೆ.

ಕಬ್ಬಿಣದ ಗರ್ಡರ್‌ಗೆ: ವೆಬ್ ಹೊರುತ್ತದೆ, ಫ್ಲೇಂಜ್ ಅಲ್ಲ

ಐ ಆಕಾರದ ಗರ್ಡರ್‌ನಲ್ಲಿ ಸರಾಸರಿ ಲೆಕ್ಕ ಇನ್ನೂ ದೊಡ್ಡ ಮೋಸ ಮಾಡುತ್ತದೆ. ಅದರಲ್ಲಿ ನಡುವೆ ನಿಂತ ತಗಡು ವೆಬ್, ಮೇಲೆ ಕೆಳಗೆ ಮಲಗಿದ ಪಟ್ಟಿಗಳು ಫ್ಲೇಂಜ್. ಐಎಸ್‌ಎಂಬಿ 200 ಎಂಬ ಅಳತೆಯ ಗರ್ಡರ್ ತೆಗೆದುಕೊಳ್ಳಿ, ಪಟ್ಟಿಯಲ್ಲಿರುವ ಅಳತೆ ಪ್ರಕಾರ ಎತ್ತರ 200, ಫ್ಲೇಂಜ್ ಅಗಲ 100, ಫ್ಲೇಂಜ್ ದಪ್ಪ 10.8, ವೆಬ್ ದಪ್ಪ 5.7 ಮಿ.ಮೀ. ಶಿಯರ್ 60 ಕಿಲೋನ್ಯೂಟನ್ ಇರಲಿ. ಇಡೀ ವಿಸ್ತೀರ್ಣ 3233 ಚದರ ಮಿ.ಮೀ., ಅದರಿಂದ ಭಾಗಿಸಿದರೆ 18.6 ಎಂಪಿಎ. ಪೂರ್ತಿ ಸೂತ್ರ ಹಾಕಿದರೆ ನಡುವೆ 58.8. ಮೂರು ಪಟ್ಟಿಗಿಂತ ಜಾಸ್ತಿ! ಆಯತದ ಒಂದೂವರೆ ಪಟ್ಟನ್ನು ಇಲ್ಲಿಗೂ ತಂದರೆ 27.8, ಅದೂ ತಪ್ಪು.

ವೆಬ್ ಫ್ಲೇಂಜನ್ನು ಸೇರುವ ಜಾಗ ನೋಡಿದರೆ ಯಾಕೆ ಎಂದು ತಿಳಿಯುತ್ತದೆ. ಗೆರೆಯ ಒಂದು ಪಕ್ಕ, ವೆಬ್ ಒಳಗೆ, ಸ್ಟ್ರೆಸ್ 48 ಎಂಪಿಎ. ಗೆರೆ ದಾಟಿ ಫ್ಲೇಂಜಿಗೆ ಹೋದರೆ ಅಗಲ 5.7ರಿಂದ 100ಕ್ಕೆ ಹಾರುತ್ತದೆ, ಸ್ಟ್ರೆಸ್ 2.7ಕ್ಕೆ ಬೀಳುತ್ತದೆ. ಅಷ್ಟು ಮೈ ಇದ್ದರೂ ಫ್ಲೇಂಜ್ ಶಿಯರ್‌ನಲ್ಲಿ ಕೈ ಹಾಕುವುದೇ ಇಲ್ಲ. ಅದರ ಕೆಲಸ ಬೆಂಡಿಂಗ್.

ಹಾಗಾಗಿ ಗರ್ಡರ್‌ಗೆ ಸುಲಭದ ದಾರಿ ಇದೆ. ಶಿಯರ್ ಬಲವನ್ನು ಎತ್ತರ × ವೆಬ್ ದಪ್ಪದಿಂದ ಭಾಗಿಸಿ. 60,000 ಭಾಗಿಸು 1140, 52.6 ಎಂಪಿಎ. ನಿಜವಾದ ಗರಿಷ್ಠಕ್ಕಿಂತ ಹತ್ತು ಶೇಕಡಾ ಆಸುಪಾಸು ಕಡಿಮೆ. ಫ್ಲೇಂಜ್ ದಪ್ಪ ಕಳೆದು ಬರೀ ವೆಬ್ ಎತ್ತರ ಹಿಡಿದರೆ 59.0, ಗರಿಷ್ಠಕ್ಕೆ ಹತ್ತಿರ ಹತ್ತಿರ ಸಮ. ನನಗೆ ಗರಿಷ್ಠ ಬೇಗ ಬೇಕಾದಾಗ ನಾನು ಮಾಡುವುದು ಇದನ್ನೇ.

ಆದರೆ ಕೋಡ್‌ಗೆ ಹೋಲಿಸುವಾಗ ಯಾವುದು? ಸೂತ್ರಕ್ಕೂ ಮಿತಿಗೂ ಜೋಡಿ ಎಂದೆನಲ್ಲ, ಅದಕ್ಕೆ ಇಷ್ಟು ಒಳ್ಳೆ ಉದಾಹರಣೆ ಬೇರೆ ಸಿಗುವುದಿಲ್ಲ. 1984ರ ಕಬ್ಬಿಣದ ಕೋಡ್ ಐಎಸ್ 800ರಲ್ಲಿ ಎರಡು ಮಿತಿ ಇದ್ದವು. ಸರಾಸರಿ ವೆಬ್ ಸ್ಟ್ರೆಸ್‌ಗೆ ಯೀಲ್ಡ್‌ನ 0.4 ಪಟ್ಟು, ಗರಿಷ್ಠ ಸ್ಟ್ರೆಸ್‌ಗೆ 0.45 ಪಟ್ಟು. ಯೀಲ್ಡ್ ಅಂದರೆ ಕಬ್ಬಿಣ ಹಿಂದಿನ ಆಕಾರಕ್ಕೆ ಮರಳದ ಹಾಗೆ ಹಿಗ್ಗಲು ಶುರುವಾಗುವ ಸ್ಟ್ರೆಸ್. 250 ಎಂಪಿಎ ಕಬ್ಬಿಣಕ್ಕೆ ಅವು 100 ಮತ್ತು 112.5. ನಮ್ಮ 52.6ನ್ನು 100ಕ್ಕೆ ಹೋಲಿಸಿದರೆ 53 ಶೇಕಡಾ ಬಳಕೆ. 58.8ನ್ನು 112.5ಕ್ಕೆ ಹೋಲಿಸಿದರೆ 52 ಶೇಕಡಾ. ಎರಡೂ ದಾರಿ ಒಂದೇ ಊರಿಗೆ ಬಂದವು. ಒಂದರ ಸ್ಟ್ರೆಸ್ಸನ್ನು ಇನ್ನೊಂದರ ಮಿತಿಗೆ ಹೋಲಿಸಿದರೆ ಮಾತ್ರ ದಾರಿ ತಪ್ಪುತ್ತದೆ.

2007ರ ಐಎಸ್ 800ರಲ್ಲಿ ಸ್ಟ್ರೆಸ್ ಹುಡುಕುವುದನ್ನೇ ಬಿಟ್ಟು ನೇರವಾಗಿ ಸಾಮರ್ಥ್ಯ ಲೆಕ್ಕ ಹಾಕುತ್ತಾರೆ. ರೋಲ್ ಆಗಿ ಬಂದ ಗರ್ಡರ್‌ಗೆ ಪೂರ್ತಿ ಎತ್ತರ × ವೆಬ್ ದಪ್ಪ, ಅದನ್ನು ಯೀಲ್ಡ್‌ನಿಂದ ಗುಣಿಸಿ ಮೂರರ ವರ್ಗಮೂಲದಿಂದಲೂ 1.1ರಿಂದಲೂ ಭಾಗಿಸುವುದು. ನಮ್ಮ ಗರ್ಡರ್‌ಗೆ 149.6 ಕಿಲೋನ್ಯೂಟನ್ ಬರುತ್ತದೆ. ಸುರಕ್ಷತೆಗೆಂದು ಭಾರವನ್ನು 1.5ರಿಂದ ಗುಣಿಸಿ 90 ಮಾಡಿಕೊಂಡು ಹೋಲಿಸಬೇಕು. ಶಿಯರ್ ಈ ಸಾಮರ್ಥ್ಯದ 0.6 ಪಟ್ಟು ದಾಟಿದರೆ ಬೆಂಡಿಂಗ್ ಸಾಮರ್ಥ್ಯವನ್ನೂ ಕಡಿಮೆ ಮಾಡಬೇಕಾಗುತ್ತದೆ. 0.6 ಪಟ್ಟು ಅಂದರೆ 89.8, ನಾವು ಸರಿಯಾಗಿ ಗೆರೆ ಮೇಲೆ ನಿಂತಿದ್ದೇವೆ. ಫ್ಲೇಂಜ್ ಸೇರಿಸಿ ವೆಲ್ಡ್ ಮಾಡಿದ ಗರ್ಡರ್ ಆದರೆ ಪೂರ್ತಿ ಎತ್ತರ ಅಲ್ಲ, ವೆಬ್‌ನ ಎತ್ತರ ಮಾತ್ರ. ವೆಬ್ ತುಂಬಾ ತೆಳುವಿದ್ದರೆ ಸುಕ್ಕುಗಟ್ಟುವ ಭಯ ಬೇರೆ ಇದೆ, ಅದನ್ನು ಪ್ರತ್ಯೇಕವಾಗಿ ನೋಡಬೇಕು.

ಕಾಂಕ್ರೀಟ್ ಬೀಮಿಗೆ: ಪೂರ್ತಿ ಸೂತ್ರವನ್ನು ಇಲ್ಲಿಗೆ ತರಬೇಡಿ

ಇದು ಕೇಳಿದವರಿಗೆ ಆಶ್ಚರ್ಯ ಆಗುತ್ತದೆ. ಪೂರ್ತಿ ಸೂತ್ರ ಅಷ್ಟು ಒಳ್ಳೆಯದಾದರೆ ಕಾಂಕ್ರೀಟಿಗೆ ಯಾಕೆ ಬೇಡ? ಆ ಸೂತ್ರಕ್ಕೆ ಬಿರುಕಿಲ್ಲದ, ಎಲ್ಲ ಕಡೆ ಒಂದೇ ತರಹದ ವಸ್ತು ಬೇಕು. ಕಾಂಕ್ರೀಟ್ ಬೀಮಿನ ಕೆಳಭಾಗ ಕೆಲಸ ಶುರುವಾದ ಕೂಡಲೇ ಸಣ್ಣಗೆ ಬಿರುಕು ಬಿಡುತ್ತದೆ. ಆಮೇಲೆ ಶಿಯರ್ ಹೊರುವುದು ಮೇಲಿನ ಬಿರುಕಿಲ್ಲದ ಕಾಂಕ್ರೀಟ್, ಬಿರುಕಿನ ಎರಡು ಮೈ ಜಲ್ಲಿಯಿಂದ ಒಂದಕ್ಕೊಂದು ಕಚ್ಚಿಕೊಳ್ಳುವುದು, ಕೆಳಗಿನ ಕಂಬಿ, ಮತ್ತೆ ಕಂಬಿಗಳನ್ನು ಸುತ್ತಿದ ರಿಂಗ್‌ಗಳು. ಇಷ್ಟನ್ನು ಒಂದು ಸೂತ್ರದಲ್ಲಿ ಬಿಂದು ಬಿಂದುವಿಗೆ ಹಿಡಿಯಲು ಆಗುವುದಿಲ್ಲ. ಅದಕ್ಕೆ ಕಾಂಕ್ರೀಟಿನ ಕೋಡ್ ಐಎಸ್ 456:2000 ಒಂದು ನಾಮಮಾತ್ರದ ಸ್ಟ್ರೆಸ್ ಇಟ್ಟುಕೊಂಡಿದೆ. ಶಿಯರ್ ಬಲ ಭಾಗಿಸು ಅಗಲ × ಪರಿಣಾಮಕಾರಿ ಎತ್ತರ. ಎತ್ತರ ಅಂದರೆ ಮೇಲ್ಮೈಯಿಂದ ಕೆಳ ಕಂಬಿಯ ಮಧ್ಯದವರೆಗೆ. ಇದು ಬೀಮಿನೊಳಗೆ ಎಲ್ಲೂ ನಿಜವಾಗಿ ಇರುವ ಸ್ಟ್ರೆಸ್ ಅಲ್ಲ. ಆದರೆ ಕೋಡ್‌ನ ಕೋಷ್ಟಕ 19 ಮತ್ತು 20 ಈ ಅಂಕಿಗೆ ಹೊಂದಿಸಿಯೇ ತಯಾರಾಗಿವೆ. ಇದನ್ನು ಒಂದೂವರೆ ಪಟ್ಟು ಮಾಡಿ ಕೋಷ್ಟಕಕ್ಕೆ ಹೋಲಿಸಿದರೆ ಸುಮ್ನೆ ಕಂಬಿ ದಂಡ.

ಒಂದು ಮನೆಯ ಬೀಮ್ ನೋಡೋಣ. 230 ಅಗಲ, 450 ಎತ್ತರ, ಪರಿಣಾಮಕಾರಿ ಎತ್ತರ 410, ಕೆಳಗೆ 16 ಮಿ.ಮೀ.ನ ಮೂರು ಕಂಬಿ, ಎಂ20 (20 ಎಂಪಿಎ ಶಕ್ತಿಯ) ಕಾಂಕ್ರೀಟ್. 1.5ರಿಂದ ಗುಣಿಸಿದ ಮೇಲೆ ಶಿಯರ್ 120 ಕಿಲೋನ್ಯೂಟನ್. ನಾಮಮಾತ್ರ ಸ್ಟ್ರೆಸ್ 1.27 ಎಂಪಿಎ. ಎಂ20ಕ್ಕೆ ದಾಟಲೇಬಾರದ ಮಿತಿ 2.8, ಅದರೊಳಗಿದೆ. ಇದನ್ನು ದಾಟಿದರೆ ರಿಂಗ್ ಎಷ್ಟು ಹಾಕಿದರೂ ಪ್ರಯೋಜನವಿಲ್ಲ, ಬೀಮ್ ದೊಡ್ಡದು ಮಾಡಬೇಕು. ಕಂಬಿ 0.64 ಶೇಕಡಾ ಇರುವುದರಿಂದ ಕಾಂಕ್ರೀಟ್ ತಾನೇ ಹೊರುವುದು 0.52 ಎಂಪಿಎ ಚಿಲ್ಲರೆ, ಅಂದರೆ 49.5 ಕಿಲೋನ್ಯೂಟನ್. ಉಳಿದ 70.5ನ್ನು ರಿಂಗ್ ಹೊರಬೇಕು. 8 ಮಿ.ಮೀ.ನ ಎರಡು ಕಾಲಿನ ರಿಂಗ್, ಎಫ್‌ಇ 415 (ಯೀಲ್ಡ್ 415 ಎಂಪಿಎ ಇರುವ ಕಂಬಿ) ಆದರೆ, 211 ಮಿ.ಮೀ.ಗೆ ಒಂದು ಎಂದು ಬರುತ್ತದೆ. 200ಕ್ಕೆ ಹಾಕಿ. ಲೆಕ್ಕದಲ್ಲಿ ಬೇಡ ಎಂದು ಬಂದರೂ ಕನಿಷ್ಠ ರಿಂಗ್ ಬೇಕೇ ಬೇಕು, ಅಂತರ 300 ಮಿ.ಮೀ. ಅಥವಾ ಪರಿಣಾಮಕಾರಿ ಎತ್ತರದ ಮುಕ್ಕಾಲು, ಯಾವುದು ಕಡಿಮೆಯೋ ಅದನ್ನು ಮೀರಬಾರದು.

ಮೇಸ್ತ್ರಿಗಳಿಗೆ ಎಲ್ಲ ಬೀಮಿಗೂ ಒಂದೇ ಅಂತರ ಹಾಕುವ ಅಭ್ಯಾಸ. ಜಗಳ ಮಾಡದೆ, ಗೋಡೆ ಅಥವಾ ಕಂಬದ ಪಕ್ಕ ಹತ್ತಿರ ಹತ್ತಿರ, ನಡುವೆ ದೂರ ಎಂದು ಬೀಮಿನ ಸೆಂಟ್ರಿಂಗ್ ಹಲಗೆ ಮೇಲೇ ಸೀಮೆಸುಣ್ಣದಲ್ಲಿ ಗುರುತು ಹಾಕಿ ಕೊಡಿ. ಅದು ಕೆಲಸ ಮಾಡುತ್ತದೆ.

ಇನ್ನೊಂದು ಮಾತು, ಇದು ನಮ್ಮ ಜಿಲ್ಲೆಗೆ ಮುಖ್ಯ. ಕಂಬದ ಮುಖದಿಂದ ಪರಿಣಾಮಕಾರಿ ಎತ್ತರದಷ್ಟು ದೂರದಲ್ಲಿರುವ ಶಿಯರ್ ತೆಗೆದುಕೊಂಡರೆ ಸಾಕು ಎಂಬ ರಿಯಾಯಿತಿ ಕಾಂಕ್ರೀಟಿಗೂ ಇದೆ. ಆದರೆ ಆ ದೂರದೊಳಗೆ ಒಂದೇ ಕಡೆ ದೊಡ್ಡ ಭಾರ ಕೂತಿದ್ದರೆ ರಿಯಾಯಿತಿ ಇಲ್ಲ. ಮಡಿಕೇರಿಯಂಥ ಇಳಿಜಾರು ಸೈಟಿನಲ್ಲಿ ರಸ್ತೆ ಮಟ್ಟಕ್ಕೆ ಕಾರು ನಿಲ್ಲಿಸಲು ಬೀಮನ್ನು ಹೊರಚಾಚಿ, ಅದರ ಮೇಲೆ ಕಂಬ ಎಬ್ಬಿಸಿ ಮೇಲಿನ ಮಹಡಿ ಕೂರಿಸುತ್ತಾರೆ. ಆ ಕಂಬದ ಪೂರ್ತಿ ಭಾರ ಶಿಯರ್ ಆಗಿ ಬೀಮಿನ ಬುಡಕ್ಕೆ ಬರುತ್ತದೆ. ಅಲ್ಲಿ ಮುಖದಲ್ಲೇ ಶಿಯರ್ ತೆಗೆದುಕೊಳ್ಳಿ. ಹೊರಚಾಚಿದ ಬೀಮಿನಲ್ಲಿ ಮುಖ್ಯ ಕಂಬಿ ಮೇಲ್ಗಡೆ ಇರುತ್ತದೆ, ಹಾಗಾಗಿ ಪರಿಣಾಮಕಾರಿ ಎತ್ತರವನ್ನೂ ಕೆಳಗಿನಿಂದ ಮೇಲಕ್ಕೆ ಅಳೆಯಬೇಕು. 2018ರ ಆಗಸ್ಟ್‌ನಲ್ಲಿ ಗುಡ್ಡ ಜಾರಿದ್ದನ್ನು ಕಣ್ಣಾರೆ ಕಂಡ ಮೇಲೆ ಜನ ಮಣ್ಣಿನ ಬಗ್ಗೆ ಕೇಳಲು ಶುರು ಮಾಡಿದ್ದಾರೆ, ಒಳ್ಳೆಯದು. ಹೊರಚಾಚಿದ ಬೀಮಿನ ಬಗ್ಗೆಯೂ ಕೇಳಿ.

ಉಳಿದವು, ಬೇಗ ಬೇಗ

ಚಾನೆಲ್, ಅಂದರೆ ಸಿ ಆಕಾರದ ಕಬ್ಬಿಣ, ಶೆಡ್ಡಿನ ಛಾವಣಿ ಹೊರುವ ಪರ್ಲಿನ್‌ಗೆ ಬಳಸುತ್ತಾರಲ್ಲ, ಅದಕ್ಕೆ ವೆಬ್ ಲೆಕ್ಕ ಸಾಕು ಎನಿಸುತ್ತದೆ. ಆದರೆ ಭಾರ ವೆಬ್ ಮೇಲೇ ಬಿದ್ದರೂ ಅದು ತಿರುಚಿಕೊಳ್ಳುತ್ತದೆ, ಏಕೆಂದರೆ ಅದರ ಶಿಯರ್ ಸೆಂಟರ್ (ಭಾರ ಹಾದುಹೋದರೆ ತಿರುಚದೆ ಬಗ್ಗುವ ಬಿಂದು) ವೆಬ್‌ನ ಹೊರಗೆ, ಬೆನ್ನಿನ ಕಡೆ ಇದೆ. ಸ್ಟ್ರೆಸ್ ಎಷ್ಟು ಎಂಬುದಕ್ಕಿಂತ ತಿರುಚದ ಹಾಗೆ ಹಿಡಿಯುವುದು ಅಲ್ಲಿ ದೊಡ್ಡ ಕೆಲಸ.

ಕಂಪ್ಯೂಟರ್‌ನಲ್ಲಿ ಫೈನೈಟ್ ಎಲಿಮೆಂಟ್ (ಬೀಮನ್ನು ಸಣ್ಣ ತುಂಡುಗಳ ಜಾಲರಿಯಾಗಿ ಒಡೆದು ಹಾಕುವ ಲೆಕ್ಕ) ಮಾಡುವುದು? ದೊಡ್ಡ ತೂತು ಇರುವ ಬೀಮಿಗೆ, ಎತ್ತರದಷ್ಟೇ ಉದ್ದ ಇರುವ ಮೊಂಡು ಬೀಮಿಗೆ, ವಿಚಿತ್ರ ಆಕಾರಕ್ಕೆ ಮಾಡಿ. ಮೊದಲು ಕೈಯಲ್ಲಿ ಒಂದು ಅಂದಾಜು ಇಟ್ಟುಕೊಂಡೇ ಕೂತುಕೊಳ್ಳಿ. ಚೂಪು ಮೂಲೆಗಳಲ್ಲಿ ಜಾಲರಿ ಸಣ್ಣದು ಮಾಡಿದಷ್ಟೂ ಸ್ಟ್ರೆಸ್ ಏರುತ್ತಲೇ ಹೋಗುತ್ತದೆ, ಅದು ನಿಲ್ಲುವುದಿಲ್ಲ. ದೊಡ್ಡಪ್ಪನ ತೊಲೆಯ ಕಚ್ಚಿನ ಮೂಲೆಯನ್ನು ಹಾಗೆ ಮಾಡಿ ನೋಡಿದ್ದೇನೆ. ಬಣ್ಣ ಚೆನ್ನಾಗಿ ಬಂತು, ಅಂಕಿ ಮಾತ್ರ ಪ್ರತಿ ಸಲ ಬೇರೆ. ಆ ಜಾಗಕ್ಕೆ ಕೈ ಸೂತ್ರವೇ ಉಪಯೋಗಕ್ಕೆ ಬಂದಿದ್ದು.

ಈಗ ಯಾರಾದರೂ ಬೀಮ್ ತೋರಿಸಿದರೆ ನಾನು ಕೇಳುವುದು ಇದೇ ಕ್ರಮದಲ್ಲಿ. ಯಾವ ವಸ್ತು? ಅದರ ಕೋಡ್ ಮಿತಿ ಯಾವ ಲೆಕ್ಕಕ್ಕೆ ಜೋಡಿ? ಮರವಾದರೆ ಒಂದೂವರೆ ಪಟ್ಟು, ರೋಲ್ ಗರ್ಡರ್ ಆದರೆ ಎತ್ತರ × ವೆಬ್, ಕಾಂಕ್ರೀಟ್ ಆದರೆ ಅಗಲ × ಪರಿಣಾಮಕಾರಿ ಎತ್ತರ, ತುಂಡು ಸೇರಿಸಿದ್ದಾದರೆ ಶಿಯರ್ ಫ್ಲೋ. ಆಮೇಲೆ ಎದ್ದು ಹೋಗಿ ತುದಿ ನೋಡುತ್ತೇನೆ.

ದೊಡ್ಡಪ್ಪನ ಅಟ್ಟಕ್ಕೆ 125ಕ್ಕೆ 250ರ ತೊಲೆ ಹಾಕಿದೆವು. ಅದೇ 40 ಚೀಲಕ್ಕೆ ಒಂದೂವರೆ ಪಟ್ಟು ಹಿಡಿದು 0.53 ಎಂಪಿಎ. ಗೋಡೆಯ ಗೂಡು ಚಿಕ್ಕದಿತ್ತು, ಆಚಾರಿ ಉಳಿ ತೆಗೆದು ತೊಲೆಯ ತುದಿಗೆ ಇಟ್ಟರು. "ತೊಲೆ ಮುಟ್ಟಬೇಡ, ಗೋಡೆ ಕೆತ್ತು" ಎಂದು ದೊಡ್ಡಪ್ಪನೇ ತಡೆದರು.